ತಲೆಕೆಳಗು ಮಿಡಿತದ ಮೀನು

ಬೆಂಟ್ಲಿ, ಪರ್ತ್
9 ಮಾರ್ಚ್ 2024

ಅಪ್ಪಾಜಿಗೆ,

"ಹಂಗಾದ್ರೆ ಇನ್ಮೇಲೆ ಆ ಮೀನಿನ ಜೊತೇನೇ ಮಾತಾಡ್ಕೊ" ಎಂದು ನೀವು ಊಟದ ಮೇಜಿನಿಂದ ಎದ್ದು ಹೋಗಿ ಒಂದೂವರೆ ವರ್ಷವಾಯಿತು. ಮಾತಾಡಿದೆ. ಅದು ಉತ್ತರ ಕೊಟ್ಟಿದೆ. ಅದನ್ನು ತಿಳಿಸಲು ಈ ಮೇಲ್.

ಭಾನುವಾರ ಅಮ್ಮನ ಜೊತೆ ಫೋನಿನಲ್ಲಿ ಮಾತಾಡುವಾಗ ನಿಮ್ಮನ್ನೂ ಕರೆಯಬಹುದಿತ್ತು. ಆದರೆ ಫೋನಿನಲ್ಲಿ ನಾವಿಬ್ಬರೂ ಮೂರನೇ ವಾಕ್ಯಕ್ಕೇ ಜಗಳಕ್ಕೆ ಬೀಳುತ್ತೇವೆ. ಬರೆದರೆ ಒಬ್ಬರು ಮುಗಿಸುವ ತನಕ ಇನ್ನೊಬ್ಬರು ಕಾಯಲೇಬೇಕು.

ನಾನು ಯಾವುದಕ್ಕಾಗಿ ಬ್ರಿಸ್ಬೇನಿನ ಕಾಯಂ ಕೆಲಸ ಬಿಟ್ಟು ಇಲ್ಲಿಗೆ ಪಿಎಚ್‌ಡಿ ಮಾಡಲು ಬಂದೆನೋ ಅದನ್ನು ನೀವು ಇದುವರೆಗೆ ಕೇಳಿಲ್ಲ. ಕೇಳದಿದ್ದರೂ ಹೇಳುತ್ತೇನೆ. ಆಫ್ರಿಕಾದ ಹೊಳೆಗಳಲ್ಲಿ ಆನೆಮೂತಿ ಮೀನುಗಳ ದೊಡ್ಡ ಬಳಗವಿದೆ. ಬಾಲದ ಬುಡದಲ್ಲಿರುವ ಒಂದು ಅಂಗದಿಂದ ಅವು ಬಹಳ ಕ್ಷೀಣವಾದ ವಿದ್ಯುತ್ ಹೊಮ್ಮಿಸುತ್ತವೆ. ಮುಟ್ಟಿದರೆ ನಮಗೆ ಗೊತ್ತೂ ಆಗುವುದಿಲ್ಲ. ಕೆಸರು ನೀರಿನಲ್ಲಿ ದಾರಿ ಕಾಣುವುದಕ್ಕೆ, ತಮ್ಮವರು ಯಾರು ಎಂದು ಗುರುತಿಸುವುದಕ್ಕೆ ಅವುಗಳಿಗೆ ಅದೇ ಕಣ್ಣು, ಅದೇ ನಾಲಿಗೆ. ಪರದೆಯ ಮೇಲೆ ನೋಡಿದರೆ ಒಂದೊಂದು ಜಾತಿಯ ವಿದ್ಯುತ್ ಮಿಡಿತಕ್ಕೂ ಒಂದೊಂದು ಆಕಾರ.

ಗಬಾನ್ ದೇಶದ ಡಿಬುವಾ ಎಂಬ ಹೊಳೆಯಲ್ಲಿ ಹೋದ ವರ್ಷ ಹಿಡಿದ ಮೀನುಗಳೆಲ್ಲ ನೋಡಲು ಒಂದೇ. ಆದರೆ ಕೆಲವುಗಳ ಮಿಡಿತ ಎಲ್ಲದರಂತೆ ಮೊದಲು ಮೇಲೇರಿ ಆಮೇಲೆ ಕೆಳಗಿಳಿಯುವುದಿಲ್ಲ. ಮೊದಲು ಇಳಿದು ಆಮೇಲೆ ಏರುತ್ತದೆ. ತಲೆಕೆಳಗು! ಅಪ್ಪಾಜಿ, ಇದು ಬೇರೆ ಜಾತಿ. ಯಾರೂ ಹೆಸರಿಡದ ಜಾತಿ. ನನಗೆ ಖಾತ್ರಿಯಿದೆ.

ನನ್ನ ಪ್ರೊಫೆಸರ್ ಮಾರ್ಗರೆಟ್ ನಂಬುತ್ತಿಲ್ಲ. ನೀವು ಮೂವತ್ತು ವರ್ಷ ಪ್ರಾಣಿಶಾಸ್ತ್ರ ಪಾಠ ಮಾಡಿದವರು. ನೀವೇನು ಹೇಳುತ್ತೀರಿ?

ನಿಮ್ಮ ಮಗಳು,
ಪ್ರಣತಿ

ಫಾರೆಸ್ಟ್ ಲೇಕ್, ಬ್ರಿಸ್ಬೇನ್
17 ಮಾರ್ಚ್ 2024

ಪ್ರಣತಿಗೆ ಆಶೀರ್ವಾದಗಳು.

ನಿನ್ನ ಮೇಲ್ ತಲುಪಿತು. ನಾವೆಲ್ಲ ಕ್ಷೇಮ. ನಿನ್ನ ಅಣ್ಣ ಉತ್ತಮನಿಗೆ ಇಪ್ಸ್‌ವಿಚ್ ಆಸ್ಪತ್ರೆಯಲ್ಲಿ ಈ ತಿಂಗಳು ಬೆಳಗಿನ ಪಾಳಿ.

ಮಾರ್ಗರೆಟ್ ಅವರು ನಂಬದಿರುವುದೇ ಸರಿ. ಧ್ವನಿ ಬೇರೆಯಾದ ಮಾತ್ರಕ್ಕೆ ಜಾತಿ ಬೇರೆಯಾಗುವುದಿಲ್ಲ. ಹದಿನಾಲ್ಕನೇ ವಯಸ್ಸಿಗೆ ನಿನ್ನ ಅಣ್ಣನ ಧ್ವನಿ ಒಡೆಯಿತು. ನಾವು ಅವನಿಗೆ ಹೊಸ ಹೆಸರಿಡಲಿಲ್ಲ.

ಒಂದೇ ಪ್ರಶ್ನೆ ಕೇಳುತ್ತೇನೆ. ತಲೆಕೆಳಗು ಮಿಡಿತದ ನಿನ್ನ ಮೀನುಗಳೆಲ್ಲ ಗಂಡುಗಳಲ್ಲ ಎಂದು ಹೇಗೆ ಗೊತ್ತು? ಹೊಟ್ಟೆ ತೆರೆದು ನೋಡಿದೆಯಾ? ಮೂಳೆ ಎಣಿಸಿದೆಯಾ?

ಆರೋಗ್ಯ ನೋಡಿಕೊ.

ಇತಿ,
ಶಿವರುದ್ರಪ್ಪ

ಬೆಂಟ್ಲಿ, ಪರ್ತ್
20 ಮಾರ್ಚ್ 2024

ಅಪ್ಪಾಜಿಗೆ,

ಒಂದೂವರೆ ವರ್ಷದ ಮೇಲೆ ನಿಮ್ಮಿಂದ ಬಂದ ಮೊದಲ ಮಾತು ಇದು. ಓದಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ರೂಮಿನಲ್ಲಿ ಇರಲಾಗದೆ ಬಸ್ ಹತ್ತಿ ಸಿಟಿಗೆ ಹೋಗಿ ನದಿಯ ದಂಡೆಯಲ್ಲಿ ಕೂತಿದ್ದೆ.

ಇಲ್ಲ, ಹೊಟ್ಟೆ ತೆರೆದಿಲ್ಲ. ತೆರೆಯುವ ಹಾಗೂ ಇಲ್ಲ. ಅಲ್ಲೇ ಮಿಡಿತ ಅಳೆದು ಸ್ಪಿರಿಟ್ಟಿನಲ್ಲಿಟ್ಟ ಈ ಮೀನುಗಳು ಗಬಾನಿನವರ ಸ್ವತ್ತು. ಅಧ್ಯಯನ ಮಾಡಿ ವಾಪಸು ಕೊಡುವ ಕರಾರಿನ ಮೇಲೆ ಬಂದಿವೆ, ಬ್ಲೇಡು ತಾಗಿಸುವಂತಿಲ್ಲ. ಹೊರಗಿನಿಂದ ನೋಡಿದರೆ ಗಂಡು ಯಾವುದು, ಹೆಣ್ಣು ಯಾವುದು ಎಂದು ಖಚಿತವಾಗಿ ತಿಳಿಯುವುದಿಲ್ಲ. ಹಿಡಿದಾಗಲೇ ತೆಗೆದಿಟ್ಟಿದ್ದ ರೆಕ್ಕೆಯ ಚೂರುಗಳಿಂದ ವಂಶವಾಹಿ ಪರೀಕ್ಷೆ ಒಂದು ಸಲ ಮಾಡಿಸಿದೆವು. ಅದು ಹೌದೆಂದೂ ಹೇಳಲಿಲ್ಲ, ಅಲ್ಲವೆಂದೂ ಹೇಳಲಿಲ್ಲ.

ನಿನ್ನೆ ಮಾರ್ಗರೆಟ್ ಕರೆದು ಹೇಳಿದರು: "ಗಂಡಿನ ಮಿಡಿತ ಹೀಗೂ ಇರಬಹುದು ಅಂತ ಒಂದು ಅಧ್ಯಾಯ ಬರೆದು ಮುಗಿಸು. ಹೊಸ ಜಾತಿ ಅಂತ ಘೋಷಿಸಿ, ಆಮೇಲೆ ತಪ್ಪು ಅಂತಾದರೆ ಆ ಹೆಸರಿನ ಪಕ್ಕ ನಿನ್ನ ಹೆಸರು ಕೊನೆಯವರೆಗೂ ಇರುತ್ತದೆ." ಅವರು ಕೆಟ್ಟವರಲ್ಲ, ನನ್ನ ಒಳ್ಳೆಯದಕ್ಕೇ ಹೇಳಿದ್ದು. ನೀವೂ ಒಳ್ಳೆಯದಕ್ಕೇ ಹೇಳುತ್ತೀರಿ. ಎಲ್ಲರೂ ನನ್ನ ಒಳ್ಳೆಯದಕ್ಕೇ ಹೇಳುತ್ತಾರೆ, ಒಬ್ಬರೂ ಆ ಮಿಡಿತವನ್ನು ಒಂದು ಸಲ ಸರಿಯಾಗಿ ನೋಡುವುದಿಲ್ಲ.

ಮೂಳೆಯ ಮಾತು ಯಾಕೆ ಎತ್ತಿದಿರಿ?

ಪ್ರಣತಿ

ಫಾರೆಸ್ಟ್ ಲೇಕ್
2 ಜೂನ್ 2024

ಪ್ರೀತಿಯ ಪ್ರಣತಿ,

ಉತ್ತರಿಸಲು ತಡವಾಯಿತು. ಎರಡು ಸಲ ಬರೆದು ಅಳಿಸಿದೆ. ಮೂರನೆಯದನ್ನು ನಿನ್ನ ಅಮ್ಮ ಓದಿ, "ಇದ್ರಲ್ಲಿ ಬರೀ ಹವಾಮಾನ ಐತಲ್ರೀ. ಆ ಹುಡುಗಿ ಕೇಳಿದ್ದಕ್ಕೆ ಉತ್ತರ ಎಲ್ಲೈತಿ?" ಎಂದಳು. ಆದ್ದರಿಂದ ಈಗ ಉತ್ತರ.

ದಾವಣಗೆರೆಯ ಕಾಲೇಜಿಗೆ ಸೇರಿದ ಹೊಸತು. ನೀನಿನ್ನೂ ಹುಟ್ಟಿರಲಿಲ್ಲ. ಹುಡುಗರನ್ನು ಕರೆದುಕೊಂಡು ಒಂದು ಹಳ್ಳಕ್ಕೆ ಹೋಗಿದ್ದಾಗ ಕಲ್ಲಿನಡಿ ಬೆರಳುದ್ದದ ಒಂದು ಮೀನು ಸಿಕ್ಕಿತು. ಮೀಸೆ, ಪಟ್ಟೆ, ರೆಕ್ಕೆ ಎಲ್ಲವನ್ನೂ ಇದ್ದ ಪುಸ್ತಕಗಳಲ್ಲೆಲ್ಲ ಹೋಲಿಸಿದೆ. ಎಲ್ಲಿಯೂ ಇರಲಿಲ್ಲ. ಚಿತ್ರ ಬರೆದು, ಲೇಖನ ಮಾಡಿ ಕಲ್ಕತ್ತೆಯ ಪ್ರಾಣಿ ಸರ್ವೇಕ್ಷಣೆಯ ಕಚೇರಿಗೆ ಕಳಿಸಿದೆ. ಅಲ್ಲಿಂದ ಒಳ್ಳೆಯ ಉತ್ತರವೇ ಬಂತು: ಆಸಕ್ತಿಕರವಾಗಿದೆ, ಬೆನ್ನುಮೂಳೆಯ ಎಕ್ಸ್‌ರೇ ಕಳಿಸಿ ಎಂದಿದ್ದರು.

ಮೀನಿನ ಎಕ್ಸ್‌ರೇ! ಊರಿನ ಆಸ್ಪತ್ರೆಗೆ ಹೋಗಿ ಕೇಳಿದೆ. ಕಾಲು ಮುರಿದವರು ಸಾಲುಗಟ್ಟಿ ಕೂತಿದ್ದ ಕಡೆ ನಾನು ಬಾಟಲಿ ಹಿಡಿದು ನಿಂತಿದ್ದೆ. ಅವರು ತೆಗೆದುಕೊಟ್ಟರು, ಆದರೆ ಮನುಷ್ಯರ ಮೂಳೆಯ ಯಂತ್ರದಲ್ಲಿ ನನ್ನ ಮೀನು ಒಂದು ಮಸುಕು ಗೆರೆಯಾಗಿ ಮಾತ್ರ ಬಂತು. ಮರುವರ್ಷ ಇನ್ನಷ್ಟು ಮೀನು ತರೋಣವೆಂದು ಹೋದರೆ ಹಳ್ಳವನ್ನು ತಿರುಗಿಸಿ ಕಾಲುವೆಗೆ ಸೇರಿಸಿದ್ದರು. ಅಲ್ಲಿ ಒಣ ಮರಳಿತ್ತು. ನನ್ನ ಲೇಖನ ಅಲ್ಲಿಗೇ ನಿಂತಿತು.

ಇದನ್ನು ನಿಮಗೆ ಯಾರಿಗೂ ಹೇಳಲಿಲ್ಲ. ಹೇಳುವಂಥದ್ದೇನೂ ಇರಲಿಲ್ಲ. ಸಿಗದೆ ಹೋದದ್ದರ ಕಥೆಯನ್ನು ಮಕ್ಕಳಿಗೆ ಯಾಕೆ ಹೇಳಬೇಕು? ನೀನು ಕಾಯಂ ಕೆಲಸ ಬಿಟ್ಟು ಮೀನಿನ ಹಿಂದೆ ಹೋಗುತ್ತೇನೆಂದಾಗ ನನ್ನ ಕಣ್ಣಿಗೆ ಕಂಡದ್ದು ನೀನಲ್ಲ, ಆ ಮರಳು.

ನಿನ್ನ ಕಾಲದಲ್ಲಿ ಒಳ್ಳೆಯ ಯಂತ್ರಗಳಿವೆ. ಹೊಟ್ಟೆ ಕುಯ್ಯದೆ ಒಳಗಿನದನ್ನು ನೋಡಲು ದಾರಿಯಿದ್ದೇ ಇರಬೇಕು. ಹುಡುಕು. ಮಿಡಿತದ ಚಿತ್ರವನ್ನು ನನಗೂ ಕಳಿಸು. ನೋಡುತ್ತೇನೆ, ಸರಿಯಾಗಿಯೇ ನೋಡುತ್ತೇನೆ.

ನಿನ್ನ ತಂದೆ,
ಶಿವರುದ್ರಪ್ಪ

ಅಡಿಲೇಡ್
23 ಆಗಸ್ಟ್ 2024

ಅಪ್ಪಾಜಿ! ಅಪ್ಪಾಜಿ!

ಮೊದಲು ಕೂತುಕೊಳ್ಳಿ. ಕನ್ನಡಕ ಹಾಕಿಕೊಳ್ಳಿ.

ದಾರಿ ಸಿಕ್ಕಿತು. ಅಡಿಲೇಡಿನ ಒಂದು ಲ್ಯಾಬಿನಲ್ಲಿ ಸಣ್ಣ ವಸ್ತುಗಳನ್ನು ಸುತ್ತಲೂ ಎಕ್ಸ್‌ರೇ ತೆಗೆದು ಒಳಗೆಲ್ಲ ತೋರಿಸುವ ಸ್ಕ್ಯಾನರ್ ಇದೆ. ನಡೆಸುವವಳು ಚಿನ್ಮಯಿ, ಮೈಸೂರಿನವಳು. ಅವಳೇ ಹೇಳಿದ್ದು: ಮೀನನ್ನು ಕೆಲವು ದಿನ ಅಯೋಡಿನ್‌ನಲ್ಲಿ ನೆನೆಸಿದರೆ ಮೂಳೆಯಷ್ಟೇ ಅಲ್ಲ, ಮೆತ್ತನೆಯ ಭಾಗಗಳೂ ಕಾಣುತ್ತವೆ, ಆಮೇಲೆ ಬಣ್ಣ ತೊಳೆದು ತೆಗೆಯಬಹುದು. ಗಬಾನಿಗೆ ಬರೆದೆ. ಎರಡು ತಿಂಗಳು ಉತ್ತರವಿಲ್ಲ. ಹೋದ ವಾರ ಒಪ್ಪಿಗೆ ಬಂತು. ಅದೇ ದಿನ ಟಿಕೆಟ್ ಮಾಡಿಸಿದೆ.

ಇಂದು ಬೆಳಿಗ್ಗೆ ಮೊದಲ ತಲೆಕೆಳಗು ಮೀನನ್ನು ಒಳಗಿಟ್ಟೆವು. ಚಿತ್ರ ಕೂಡಿಬರಲು ಹೊತ್ತು ಹಿಡಿಯುತ್ತದೆ. ನಾನು ಕಾಫಿ ತರಲು ಹೋಗಿದ್ದೆ. ನಿಜ ಹೇಳಬೇಕೆಂದರೆ ಓಡಿಹೋಗಿದ್ದೆ. ಗಂಡು ಎಂದು ಬಂದರೆ ಎಲ್ಲ ಮುಗಿಯಿತಲ್ಲ? ನಿಮಗೆ ಏನೆಂದು ಬರೆಯಲಿ ಎಂದುಕೊಳ್ಳುತ್ತಾ ಕಾಫಿಯ ಸಾಲಿನಲ್ಲಿ ನನ್ನ ಸರದಿ ಬಂದದ್ದೂ ಗೊತ್ತಾಗಲಿಲ್ಲ.

ವಾಪಸು ಬರುವಾಗ ಕಾರಿಡಾರಿನ ಆ ಕೊನೆಯಿಂದಲೇ ಚಿನ್ಮಯಿಯ ಕೂಗು.

"ಪ್ರಣತೀ, ಬೇಗ ಬಾರೇ! ನಿನ್ ಗಂಡುಮೀನು ಬಸುರಿ ಕಣೇ!"

ನಾನು ಕಾಫಿಯನ್ನು ಎಲ್ಲಿಟ್ಟೆನೋ ನೆನಪಿಲ್ಲ. ಪರದೆಯ ಮೇಲೆ ಮೀನಿನ ಹೊಟ್ಟೆ. ಅದರ ತುಂಬ ಮೊಟ್ಟೆ. ನೆನೆಸಿಟ್ಟ ಸಬ್ಬಕ್ಕಿಯ ಹಾಗೆ, ದುಂಡುದುಂಡಾಗಿ, ಒಂದಕ್ಕೊಂದು ಒತ್ತಿಕೊಂಡು.

"ಇದು ಹೆಣ್ಣೇ ತಾನೆ?" ಎಂದೆ. ಎಷ್ಟು ಪೆದ್ದು ಪ್ರಶ್ನೆ!

"ಅಲ್ಲ, ಗಂಡು. ಮಾರ್ಕೆಟ್‌ನಿಂದ ಮೊಟ್ಟೆ ತಂದು ಒಳಗಿಟ್ಕೊಂಡಿದೆ," ಎಂದಳು ಚಿನ್ಮಯಿ. ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಕುಣಿದೆವು. ಪಕ್ಕದ ಕೋಣೆಯವರು ಬಂದು ಇಣುಕಿ, ಮೊಟ್ಟೆ ನೋಡಿ, ಅವರೂ ಚಪ್ಪಾಳೆ ತಟ್ಟಿದರು. ಅವರು ಕಲ್ಲುಗಳ ಅಧ್ಯಯನ ಮಾಡುವವರು, ಮೀನಿನ ಸಂಗತಿ ಏನೂ ಗೊತ್ತಿಲ್ಲ.

ತಲೆಕೆಳಗು ಮಿಡಿತ, ಹೊಟ್ಟೆಯಲ್ಲಿ ಮೊಟ್ಟೆ. ನಿಮ್ಮ ಪ್ರಶ್ನೆಗೆ ಉತ್ತರ, ಅಪ್ಪಾಜಿ.

ನಿಮ್ಮ ಮಗಳು,
ಪ್ರಣತಿ

ಫಾರೆಸ್ಟ್ ಲೇಕ್
24 ಆಗಸ್ಟ್ 2024

ಪ್ರೀತಿಯ ಪ್ರಣತಿ,

ಒಂದು ಮೀನು ಒಂದೇ ಮೀನು. ಉಳಿದವುಗಳನ್ನೂ ನೋಡು. ಹೆಣ್ಣುಗಳು ಎಷ್ಟು, ಗಂಡುಗಳು ಎಷ್ಟು, ಎರಡು ಗುಂಪಿನಲ್ಲೂ ಎಣಿಸು. ಬೆನ್ನುಮೂಳೆಯ ಮಣಿಗಳನ್ನು ನೀನು ಒಮ್ಮೆ, ಚಿನ್ಮಯಿ ಒಮ್ಮೆ, ಒಬ್ಬರದು ಇನ್ನೊಬ್ಬರಿಗೆ ತೋರಿಸದೆ ಎಣಿಸಿ. ಹೊಂದದಿರುವುದು ಸಿಕ್ಕರೆ ಬಚ್ಚಿಡಬೇಡ.

ಶಿವರುದ್ರಪ್ಪ

ಪ್ರಣತಿ, ನಾನು ಅಮ್ಮ. ಉತ್ತಮನ ಕೈಲಿ ಇದನ್ನ ಸೇರಿಸ್ತಾ ಇದೀನಿ. ಇವರು ಬರೆಯೋದು ಹಿಂಗೆ. ನಿನ್ನ ಪತ್ರ ಬಂದ ಕೂಡ್ಲೆ ಚಪ್ಪಲಿನೂ ಹಾಕ್ಕೊಳ್ದೆ ಕೆರೆ ಕಡೆ ಹೋದ್ರು. ವಾಕಿಂಗಿಗೆ ಬಂದೋರನ್ನೆಲ್ಲ ನಿಲ್ಲಿಸಿ ನಿಲ್ಲಿಸಿ ಹೇಳಿದ್ರಂತೆ. ಬಸವಂತಪ್ಪ ಅಂಕಲ್ "ಆ ಮೀನು ಸಾರಿಗೆ ಆಗ್ತದಾ?" ಅಂತ ಕೇಳಿದ್ದಕ್ಕೆ ಅವರ ಜೊತೆ ಮಾತು ಬಿಟ್ಟಿದಾರೆ. ಊಟ ಸರಿಯಾಗಿ ಮಾಡು.

ಬೆಂಟ್ಲಿ, ಪರ್ತ್
16 ಫೆಬ್ರವರಿ 2025

ಅಪ್ಪಾಜಿಗೆ,

ಇಷ್ಟು ದಿನ ಬರೆಯದಿದ್ದುದಕ್ಕೆ ಬೇಸರ ಬೇಡ. ಬರೆಯುವುದೆಲ್ಲ ಲೇಖನಕ್ಕೇ ಹೋಯಿತು.

ನೀವು ಹೇಳಿದಂತೆಯೇ ಮಾಡಿದೆವು. ಎರಡು ಗುಂಪಿನಲ್ಲೂ ಗಂಡುಗಳಿವೆ, ಎರಡರಲ್ಲೂ ಹೆಣ್ಣುಗಳಿವೆ. ತಲೆಕೆಳಗು ಗುಂಪಿನ ಬೆನ್ನುಮೂಳೆಯಲ್ಲಿ ಎರಡು ಮಣಿ ಕಡಿಮೆ. ಚಿನ್ಮಯಿಯ ಎಣಿಕೆ, ನನ್ನ ಎಣಿಕೆ ಒಂದೇ ಬಂತು.

ಒಂದು ಮೀನು ಮಾತ್ರ ಯಾವ ಗುಂಪಿಗೂ ಹೊಂದಲಿಲ್ಲ. ಅದರ ಮಿಡಿತ ಹಳೆಯ ಜಾತಿಯದು, ಮೂಳೆ ಹೊಸ ಜಾತಿಯದು. ನವೆಂಬರ್ ಪೂರ್ತಿ ಅದು ನನ್ನ ಪ್ರಾಣ ತಿಂದಿತು. "ಒಂದಕ್ಕೋಸ್ಕರ ಇಷ್ಟೊಂದು ತಲೆ ಕೆಡಿಸ್ಕೋಬೇಕಾ?" ಎಂದು ಚಿನ್ಮಯಿಯೇ ಕೇಳಿದಳು. ಗಬಾನಿನಲ್ಲಿ ತೆಗೆದಿದ್ದ ವಿಡಿಯೋಗಳನ್ನೆಲ್ಲ ಮತ್ತೆ ನೋಡಿದೆ. ಮಿಡಿತ ಅಳೆಯುವಾಗ ಆ ತೊಟ್ಟಿಯ ಮೂಲೆಯಲ್ಲಿ, ಎಲೆಯ ಕೆಳಗೆ, ಇನ್ನೊಂದು ಮೀನು ಇತ್ತು! ಯಾವುದರ ಮಿಡಿತ ಎಂದು ಹೇಳಲಾಗದು. ಆದ್ದರಿಂದ ಆ ಮೀನನ್ನು ಲೆಕ್ಕದಿಂದ ತೆಗೆದು, ಯಾಕೆ ತೆಗೆದೆ ಎಂಬುದನ್ನೂ ಲೇಖನದಲ್ಲೇ ಬರೆದಿದ್ದೇನೆ. ಬಚ್ಚಿಡಲಿಲ್ಲ.

ವಂಶವಾಹಿಯನ್ನು ಈ ಸಲ ಇನ್ನೂ ವಿವರವಾಗಿ ಓದಿಸಿದೆವು. ಎರಡೂ ಗುಂಪು ಬೇರೆಬೇರೆಯಾಗಿ ನಿಂತವು. ಅದನ್ನು ನೋಡಿದ ದಿನ ಮಾರ್ಗರೆಟ್ ಬಾಗಿಲು ಮುಚ್ಚಿ ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡು, "ಇದನ್ನು ನಿಲ್ಲಿಸು ಅಂತ ನಾನು ಹೇಳಿದ್ದೆ. ನೀನು ಕೇಳಲಿಲ್ಲ. ಥ್ಯಾಂಕ್ ಯೂ" ಎಂದರು.

ಈಗ ಹೆಸರಿಡಬೇಕು. ನನ್ನ ಮನಸ್ಸಿನಲ್ಲಿರುವುದು ನಿಮ್ಮ ಹೆಸರು. ಲ್ಯಾಟಿನ್ನಿನ ಬಾಲ ಸೇರಿಸಿ ನೋಡಿದೆ. ಸ್ವಲ್ಪ ಉದ್ದವಾಗುತ್ತದೆ, ಆದರೂ ಚೆನ್ನಾಗಿದೆ. ಒಪ್ಪಿಗೆ ಕೊಡಿ.

ನಿಮ್ಮ ಮಗಳು,
ಪ್ರಣತಿ

ಫಾರೆಸ್ಟ್ ಲೇಕ್
18 ಫೆಬ್ರವರಿ 2025

ಪ್ರೀತಿಯ ಪ್ರಣತಿ,

ಒಪ್ಪಿಗೆ ಇಲ್ಲ.

ಕೋಪದಿಂದಲ್ಲ, ಸಂಕೋಚದಿಂದಲೂ ಅಲ್ಲ. ಆ ಮೀನು ನನ್ನನ್ನು ನೋಡಿಲ್ಲ, ನಾನು ಅದರ ನೀರನ್ನು ಮುಟ್ಟಿಲ್ಲ. ನನ್ನ ಹಳ್ಳಕ್ಕೆ ಹೆಸರೇ ಇರಲಿಲ್ಲ, ಆದ್ದರಿಂದ ಅದನ್ನು ತಿರುಗಿಸುವಾಗ ಯಾರೂ ಯಾರನ್ನೂ ಕೇಳಲಿಲ್ಲ. ನಿನ್ನ ಮೀನಿಗೆ ಅದರ ಹೊಳೆಯ ಹೆಸರಿಡು. ನಾಳೆ ಯಾರಾದರೂ ಡಿಬುವಾಕ್ಕೆ ಅಡ್ಡಗಟ್ಟೆ ಹಾಕಲು ಬಂದರೆ, ಈ ಹೊಳೆಯ ಹೆಸರು ಹೊತ್ತ ಒಂದು ಜೀವ ಇಲ್ಲಿದೆ ಎಂದು ಅಲ್ಲಿನವರು ತೋರಿಸಬಹುದು.

ಆ ಒಂದು ಮೀನನ್ನು ತೆಗೆದದ್ದನ್ನೂ ಬರೆದದ್ದು ಬಹಳ ಒಳ್ಳೆಯದಾಯಿತು. ನಾನು ಇದನ್ನು ಎರಡು ಸಲ ಓದಿದೆ.

ನಿನ್ನ ಹೆಸರು ಲೇಖನದ ಮೇಲೆ ಹೇಗೆ ಬರುತ್ತದೆ? ಇನಿಷಿಯಲ್ ಸರಿಯಾಗಿರಲಿ.

ನಿನ್ನ ತಂದೆ,
ಶಿವರುದ್ರಪ್ಪ

ಅಡಿಲೇಡ್
10 ಜುಲೈ 2025, ಸಂಜೆ

ಅಪ್ಪಾಜಿಗೆ,

ಇಂದು ಬೆಳಿಗ್ಗೆ ಲೇಖನ ಪ್ರಕಟವಾಯಿತು. ಮಧ್ಯಾಹ್ನ ಇಲ್ಲಿನ ಸಮ್ಮೇಳನದಲ್ಲಿ ನನ್ನ ಭಾಷಣ. ಹೋಟೆಲಿನ ರೂಮಿಗೆ ಈಗ ಬಂದೆ. ಸೀರೆಯನ್ನೂ ಬದಲಿಸಿಲ್ಲ. ನೀವು ಇಲ್ಲಿರಬೇಕಿತ್ತು. ಇಲ್ಲದಿದ್ದುದರಿಂದ ಎಲ್ಲವನ್ನೂ ಹಾಗೆಹಾಗೇ ಬರೆಯುತ್ತೇನೆ.

ಹಾಲ್ ತುಂಬಿತ್ತು. ನನ್ನ ಧ್ವನಿ ಒಂದಿಷ್ಟೂ ನಡುಗಲಿಲ್ಲ. ಮೊದಲು ಹಳೆಯ ಜಾತಿಯ ಮಿಡಿತ ತೋರಿಸಿದೆ, ಆಮೇಲೆ ನಮ್ಮದು. ಸ್ಪೀಕರಿನಲ್ಲಿ ಕೇಳಿಸಿದೆ ಕೂಡ. ಚಟಚಟ, ಚಟಚಟ, ಒಗ್ಗರಣೆಯಲ್ಲಿ ಸಾಸಿವೆ ಸಿಡಿದ ಹಾಗೆ. ಮೂಳೆ, ವಂಶವಾಹಿ ಎಲ್ಲ ಹೇಳಿ ಮುಗಿಸಿದೆ.

ಪ್ರಶ್ನೆಯ ಹೊತ್ತಿಗೆ ಮುಂದಿನ ಸಾಲಿನಲ್ಲಿ ಒಬ್ಬರು ಎದ್ದರು. ಬೆಲ್ಜಿಯಮ್ಮಿನವರು, ಬಿಳಿ ಗಡ್ಡ. ಜೀವಮಾನವಿಡೀ ಈ ಬಳಗದ ಮೀನುಗಳಿಗೆ ಹೆಸರಿಟ್ಟವರು. ಅವರು ಎದ್ದ ಕೂಡಲೇ ಅಕ್ಕಪಕ್ಕದವರೆಲ್ಲ ಅವರತ್ತ ತಿರುಗಿದರು. ಮಾರ್ಗರೆಟ್ ನೆಲ ನೋಡತೊಡಗಿದರು.

"ಒಂದೇ ಪ್ರಶ್ನೆ," ಎಂದರು ಅವರು. "ಇವೆಲ್ಲ ಗಂಡುಗಳಲ್ಲ ಅಂತ ಹೇಗೆ ಗೊತ್ತು?"

ಅಪ್ಪಾಜಿ, ನಿಮ್ಮದೇ ಪ್ರಶ್ನೆ! ನನಗೆ ನಗು ಬಂದುಬಿಟ್ಟಿತು. "ಸರ್, ಒಂದೂವರೆ ವರ್ಷದ ಹಿಂದೆ ಇದನ್ನೇ ನನ್ನ ತಂದೆ ಕೇಳಿದ್ದರು. ಅದಕ್ಕೇ ಇದನ್ನು ಇಟ್ಟುಕೊಂಡೇ ಬಂದಿದ್ದೇನೆ" ಎಂದು ಮೊಟ್ಟೆಯ ಚಿತ್ರ ಹಾಕಿದೆ. ಗೋಡೆಯಗಲ ಮೊಟ್ಟೆಗಳು.

ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. "ನನ್ನ ಕಪಾಟಿನಲ್ಲಿ ಇಂಥ ಮೀನುಗಳು ಇಪ್ಪತ್ತು ವರ್ಷದಿಂದ ಇವೆ. ಗಂಡು ಅಂತ ಚೀಟಿ ಅಂಟಿಸಿಟ್ಟಿದ್ದೇನೆ. ಊರಿಗೆ ಹೋದ ಕೂಡಲೇ ಚೀಟಿ ಕೀಳುತ್ತೇನೆ. ಇದು ನಿಮ್ಮ ಮೀನು, ಡಾಕ್ಟರ್" ಎಂದರು. ನಾನಿನ್ನೂ ಡಾಕ್ಟರ್ ಆಗಿಲ್ಲ ಎಂದು ಹೇಳಲು ಬಾಯಿ ತೆರೆದೆ, ಅಷ್ಟರಲ್ಲಿ ಅವರು ಚಪ್ಪಾಳೆ ತಟ್ಟಿದರು. ಅವರನ್ನು ನೋಡಿ ಉಳಿದವರೂ ತಟ್ಟಿದರು. ಇಡೀ ಹಾಲ್!

ಕೊನೆಯ ಸ್ಲೈಡಿನಲ್ಲಿ ಹೆಸರು ಹಾಕಿದೆ: ಡಿಬುವೆನ್ಸಿಸ್. ಡಿಬುವಾದವನು. ಡಿಬುವಾದವಳು ಎಂದೂ ಓದಬಹುದು.

ಇಲ್ಲಿನ ಮ್ಯೂಸಿಯಮ್ಮಿನವರು ಆಮೇಲೆ ಬಂದು ಮಾತಾಡಿದರು, ಮುಂದಿನ ವರ್ಷದಿಂದ ಮೀನುಗಳ ವಿಭಾಗಕ್ಕೆ ಬರುತ್ತೀಯಾ ಎಂದು ಕೇಳಿದರು. ಹೂಂ ಎಂದಿದ್ದೇನೆ. ನಿಮ್ಮನ್ನು ಕೇಳದೆ ಹೂಂ ಎಂದೆ. ಬೈಯಬೇಡಿ.

ನಿಮ್ಮ ಮಗಳು,
ಪ್ರಣತಿ

ಅಡಿಲೇಡ್
10 ಜುಲೈ 2025

ಪ್ರೀತಿಯ ಪ್ರಣತಿ,

ನಿನ್ನ ವರದಿಯನ್ನು ಈಗಷ್ಟೇ ಓದಿದೆ. ಒಟ್ಟಿನಲ್ಲಿ ಚೆನ್ನಾಗಿದೆ. ಎರಡು ತಪ್ಪುಗಳಿವೆ.

ಮೊದಲನೆಯದು, ನಿನ್ನ ಧ್ವನಿ ನಡುಗಲಿಲ್ಲ ಎಂದು ಬರೆದಿದ್ದೀಯ. ಮೊದಲ ಸ್ಲೈಡಿನಲ್ಲಿ ನಡುಗಿತು. ಎರಡನೆಯದರಿಂದ ಸರಿಹೋಯಿತು.

ಎರಡನೆಯದು, ಮೊದಲು ಚಪ್ಪಾಳೆ ತಟ್ಟಿದ್ದು ಆ ಗಡ್ಡದವರಲ್ಲ. ಅವರು ಇನ್ನೂ ಮಾತಾಡುತ್ತಿರುವಾಗಲೇ ಕೊನೆಯ ಸಾಲಿನ ಎಡತುದಿಯಿಂದ ಒಂದು ಚಪ್ಪಾಳೆ ಬಿತ್ತು. ಅದು ನಿನ್ನ ಅಮ್ಮನದು. "ಇನ್ನೂ ಮುಗಿದಿಲ್ಲ ಕಣೆ, ತಡಿ" ಎಂದು ನಾನು ಅವಳ ಕೈ ಹಿಡಿದೆ. "ಅವನು ಸೋತಾಗಿದೆ ಬಿಡ್ರೀ, ಮುಖ ನೋಡಿದ್ರೇ ಗೊತ್ತಾಗ್ತತಿ" ಎಂದಳು. ಆಮೇಲೆ ನಾನೂ ತಟ್ಟಿದೆ.

ಉತ್ತಮ ನಮ್ಮನ್ನು ನಿನ್ನೆಯೇ ವಿಮಾನ ಹತ್ತಿಸಿದ. ಚಿನ್ಮಯಿ ಒಳಗೆ ಕೂರಿಸಿದಳು. ಒಳ್ಳೆಯ ಹುಡುಗಿ, ಗುಟ್ಟು ಕಾಯ್ದಳು. ಮೊದಲೇ ಹೇಳಿದ್ದರೆ ನೀನು ಮೀನಿನ ಬದಲು ನನ್ನ ಮುಖ ನೋಡುತ್ತಿದ್ದೆ. ಭಾಷಣ ಮುಗಿದ ಮೇಲೆ ಬರೋಣವೆಂದರೆ ನಿನ್ನ ಸುತ್ತ ಜನ ಮುತ್ತಿಕೊಂಡಿದ್ದರು. ಅವರೆಲ್ಲ ನಿನ್ನನ್ನು ಪ್ರಶ್ನೆ ಕೇಳುತ್ತಿದ್ದರು, ನೀನು ಒಬ್ಬೊಬ್ಬರಿಗೂ ಉತ್ತರ ಕೊಡುತ್ತಿದ್ದೆ. ದೂರದಿಂದ ಅದನ್ನು ನೋಡುತ್ತಾ ನಿಂತೆ. ಕರೆಯಲು ಮನಸ್ಸಾಗಲಿಲ್ಲ. ನೀನು ರೂಮಿಗೆ ಹೋದ ಕೂಡಲೇ ನನಗೆ ಬರೆಯುತ್ತೀ ಎಂದೂ ಗೊತ್ತಿತ್ತು. ನನಗೆ ಅದನ್ನು ಓದಬೇಕಾಗಿತ್ತು.

ಮ್ಯೂಸಿಯಮ್ಮಿನ ಕೆಲಸಕ್ಕೆ ನನ್ನನ್ನು ಕೇಳಬೇಕಾಗಿರಲಿಲ್ಲ.

ನಾವು ನಿನ್ನ ಹೋಟೆಲಿನ ಕೆಳಗೆ, ರಿಸೆಪ್ಷನ್ನಿನ ಎದುರಿನ ಸೋಫಾದ ಮೇಲೆ ಕೂತಿದ್ದೇವೆ. ಲಿಫ್ಟ್ ಬಾಗಿಲು ತೆರೆದಾಗಲೆಲ್ಲ ನಿನ್ನ ಅಮ್ಮ ಎದ್ದು ನಿಲ್ಲುತ್ತಿದ್ದಾಳೆ. ಸೀರೆ ಬದಲಿಸಬೇಡ, ಹಾಗೇ ಬಾ.

ನಿನ್ನ ಅಪ್ಪಾಜಿ